ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೊಬೋಟಿಕ್ ಶಸ್ತ್ರಚಿಕಿತ್ಸೆಯೇ ಬೇಕೆ? ಲೇಸರ್ ಏಕೆ ಆಗದು?

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ನಮಸ್ಕಾರ. ನಮ್ಮ ತಂದೆಯವರಿಗೆ 66 ವರ್ಷ. ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳುತ್ತಿದ್ದರೆಂದು ಪರೀಕ್ಷೆ ಮಾಡಿಸಿದಾಗ, ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆಯಾದ ಪಿಎಸ್‌ಎ 9.2 ಬಂದಿತು. ಎಂಆರ್‌ಐ ಆದ ಮೇಲೆ ಬಯಾಪ್ಸಿ ಮಾಡಿ, ಕ್ಯಾನ್ಸರ್ ಎಷ್ಟು ತೀವ್ರವೆಂದು ತಿಳಿಸುವ ಗ್ಲೀಸನ್ ಅಂಕ 3+4 ಎಂದು ವರದಿ ಕೊಟ್ಟಿದ್ದಾರೆ. ಕ್ಯಾನ್ಸರ್ ಪ್ರಾಸ್ಟೇಟ್ ಗ್ರಂಥಿಯ ಹೊರಗೆ ಹರಡಿಲ್ಲವಂತೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರೊಬೋಟಿಕ್ ಶಸ್ತ್ರಚಿಕಿತ್ಸೆಯೇ ಒಳ್ಳೆಯದೆಂದರು. ಅವರು ಕೊಟ್ಟ ಅಂದಾಜು, ಹೊಟ್ಟೆ ಕೊಯ್ದು ಮಾಡುವ ತೆರೆದ ಶಸ್ತ್ರಚಿಕಿತ್ಸೆಯ ಖರ್ಚಿನ ಸುಮಾರು ಎರಡರಷ್ಟಿದೆ. ಇತ್ತ ನಮ್ಮ ಪಕ್ಕದ ಮನೆಯವರು ಹೋದ ವರ್ಷ ‘ಪ್ರಾಸ್ಟೇಟ್ ತೊಂದರೆ’ಗೆಂದೇ ಲೇಸರ್ ಮಾಡಿಸಿಕೊಂಡು, ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲದೆ ಮೂರನೇ ದಿನ ಮನೆಗೆ ಬಂದರು. ಅಪ್ಪ ಅವರನ್ನೇ ತೋರಿಸಿ, ‘ನನಗೂ ಅದನ್ನೇ ಮಾಡಿಸು’ ಎಂದು ಹಟ ಹಿಡಿದಿದ್ದಾರೆ. ಅಷ್ಟು ಹಣ ಹೆಚ್ಚು ಕೊಟ್ಟರೆ ನಿಜವಾಗಿ ಸಿಗುವುದೇನು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1: ಯುರಾಲಜಿ ವೈದ್ಯ, ಮೈಸೂರು

ನಿಮ್ಮ ನೆರೆಯವರದು ಬಹುಶಃ ವಯಸ್ಸಾದಂತೆ ಗ್ರಂಥಿ ಬೆಳೆದು ಮೂತ್ರದ ದಾರಿಯನ್ನು ಒತ್ತುವ ತೊಂದರೆ. ಅದು ಕ್ಯಾನ್ಸರ್ ಅಲ್ಲ. ಹೋಲೆಪ್ ಎಂಬ ಲೇಸರ್ ವಿಧಾನದಲ್ಲಿ ಮೂತ್ರದ ದಾರಿಯಿಂದಲೇ ಉಪಕರಣ ಹಾಕಿ, ಕಿತ್ತಳೆಯ ಸಿಪ್ಪೆ ಉಳಿಸಿ ತೊಳೆಗಳನ್ನಷ್ಟೇ ಬಿಡಿಸಿದಂತೆ ಬೆಳೆದ ಭಾಗವನ್ನು ಬಿಡಿಸಿ, ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ಚೂರು ಮಾಡಿ ಹೀರಿ ತೆಗೆಯುತ್ತೇವೆ. ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆ ಸಿಪ್ಪೆಯ ಕಡೆಯಲ್ಲೇ. ಆದ್ದರಿಂದ ಲೇಸರ್‌ನಿಂದ ನಿಮ್ಮ ತಂದೆಯವರ ಮೂತ್ರ ಸರಾಗವಾದೀತೇ ಹೊರತು ರೋಗ ಹೋಗದು. ಅವರಿಗೆ ಇಡೀ ಗ್ರಂಥಿಯನ್ನು ತೆಗೆದು, ಮೂತ್ರಕೋಶದ ಕೊರಳನ್ನು ಮೂತ್ರನಾಳಕ್ಕೆ ಮತ್ತೆ ಹೊಲಿಯಬೇಕಾಗುತ್ತದೆ.

ಆ ಹೊಲಿಗೆ ಬೀಳುವುದು ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿ. ರೊಬೋಟ್‌ನಿಂದ ಅನುಕೂಲವಾಗುವುದೂ ಅಲ್ಲೇ: ದೃಶ್ಯ ದೊಡ್ಡದಾಗಿ, ಆಳ ತಿಳಿಯುವಂತೆ ಕಾಣುತ್ತದೆ, ಸಲಕರಣೆಯ ತುದಿ ಮಣಿಕಟ್ಟಿನಂತೆ ತಿರುಗುತ್ತದೆ. ಯಂತ್ರ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಕೋಣೆಯ ಮೂಲೆಯಲ್ಲಿ ಕುಳಿತ ಶಸ್ತ್ರವೈದ್ಯರ ಬೆರಳು ಆಡಿದಂತೆ ಅದು ಆಡುತ್ತದೆ. ಡಾ ವಿಂಚಿ ಎಂಬ ರೊಬೋಟ್ ಯಂತ್ರದ ಸಲಕರಣೆಗಳನ್ನು ಇಷ್ಟೇ ಬಾರಿ ಬಳಸಬಹುದೆಂಬ ಮಿತಿಯಿದ್ದು, ಎಣಿಕೆ ಮುಗಿದೊಡನೆ ಎಸೆಯಬೇಕಾಗುತ್ತದೆ. ಬಿಲ್ಲು ಏರಲು ಅದೂ ಒಂದು ಕಾರಣ.

ಫಲಿತಾಂಶದ ಮಾತಿಗೆ ಬಂದರೆ, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ತೆರೆದ ಮತ್ತು ರೊಬೋಟಿಕ್ ಎಂದು ಎರಡು ಗುಂಪು ಮಾಡಿ ಹೋಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರೊಬೋಟಿಕ್ ಗುಂಪಿನಲ್ಲಿ ರಕ್ತಸ್ರಾವ ತೆರೆದ ಗುಂಪಿನದರ ಸುಮಾರು ಮೂರನೇ ಒಂದರಷ್ಟಿತ್ತು, ಆಸ್ಪತ್ರೆಯ ವಾಸವೂ ಕಡಿಮೆಯಿತ್ತು. ಆದರೆ ಮೂತ್ರದ ಹಿಡಿತ ಮತ್ತು ಲೈಂಗಿಕ ಶಕ್ತಿ 12 ವಾರಗಳಲ್ಲೂ, ಮುಂದೆ ಎರಡು ವರ್ಷಗಳ ಲೆಕ್ಕದಲ್ಲೂ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಹೆಚ್ಚು ಹಣಕ್ಕೆ ಸಿಗುವುದು ಮೊದಲ ಕೆಲವು ವಾರಗಳ ಸಲೀಸು. ವರ್ಷ ಕಳೆದ ಮೇಲಿನ ಸ್ಥಿತಿ ಯಂತ್ರಕ್ಕಿಂತ ಕೈಯನ್ನು ಅವಲಂಬಿಸಿದೆ. ಆದ್ದರಿಂದ ‘ರೊಬೋಟ್ ಇದೆಯೇ’ ಎನ್ನುವುದಕ್ಕಿಂತ, ‘ನೀವು ಸ್ವತಃ ಇದನ್ನು ಎಷ್ಟು ಮಂದಿಗೆ ಮಾಡಿದ್ದೀರಿ, ವರ್ಷದ ನಂತರ ಅವರಲ್ಲಿ ಎಷ್ಟು ಮಂದಿಗೆ ಮೂತ್ರ ಸೋರಿಕೆಗೆಂದು ಪ್ಯಾಡ್ ಬೇಕಾಗಿಲ್ಲ’ ಎಂದು ಕೇಳಿ. ಸಾಲ ಮಾಡಿ, ಜಮೀನು ಅಡವಿಟ್ಟು ರೊಬೋಟಿಕ್ ಮಾಡಿಸುವ ಅಗತ್ಯವನ್ನು ನಾನಂತೂ ಕಾಣೆ.

ಇನ್ನೊಂದು ಮಾತು. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಜನರನ್ನು ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಬರಿಯ ನಿಗಾ ಎಂದು ಹಂಚಿದ್ದರು. 15 ವರ್ಷಗಳ ನಂತರವೂ ಈ ಕ್ಯಾನ್ಸರ್‌ನಿಂದ ಸತ್ತವರು ಮೂರೂ ಗುಂಪುಗಳಲ್ಲಿ ಶೇಕಡ 3ರ ಆಸುಪಾಸಿನಲ್ಲೇ ಇದ್ದರು, ನಿಗಾದಲ್ಲಿದ್ದವರಲ್ಲಿ ರೋಗ ಹರಡಿದ್ದು ಮಾತ್ರ ಹೆಚ್ಚು. ಅವರಲ್ಲಿ ಬಹುಪಾಲು ಜನರದು ನಿಮ್ಮ ತಂದೆಯವರದಕ್ಕಿಂತ ಸೌಮ್ಯವಾದ ಕ್ಯಾನ್ಸರ್ ಎಂಬುದನ್ನು ಮರೆಯಬಾರದು. ಆದರೂ ದಿನಾಂಕ ಗೊತ್ತು ಮಾಡುವ ಮೊದಲು ವಿಕಿರಣ ತಜ್ಞರನ್ನು ಒಮ್ಮೆ ಕಾಣಿರಿ; ಹತ್ತು ಹದಿನೈದು ದಿನ ತಡವಾದರೆ ಕೆಡುವ ರೋಗವಲ್ಲ ಇದು.

ಉತ್ತರ 2: ನಿವೃತ್ತ ಮೇಷ್ಟ್ರು, ಹಾಸನ

ಎರಡು ವರ್ಷದ ಹಿಂದೆ, 68ರಲ್ಲಿ, ನಾನು ರೊಬೋಟಿಕ್ ಮಾಡಿಸಿಕೊಂಡೆ. ತಲೆ ತಗ್ಗಿಸಿ, ಕಾಲು ಎತ್ತರಿಸಿ ಗಂಟೆಗಟ್ಟಲೆ ಮಲಗಿಸಿರುತ್ತಾರಾದ್ದರಿಂದ ಎಚ್ಚರವಾದಾಗ ಮುಖ ಊದಿಕೊಂಡಿತ್ತು. ಹೊಟ್ಟೆಗೆ ತುಂಬಿದ ಗಾಳಿಯಿಂದ ಎರಡು ದಿನ ಭುಜ ನೋಯುತ್ತಿತ್ತು. ಆರು ಸಣ್ಣ ಗಾಯಗಳು. ಹೊಕ್ಕುಳ ಮೇಲಿನದು ಕೊಂಚ ದೊಡ್ಡದು, ಗ್ರಂಥಿಯನ್ನು ಚೀಲದಲ್ಲಿ ಕಟ್ಟಿ ಹೊರತೆಗೆದದ್ದು ಅಲ್ಲಿಂದಲೇ. ಮರುದಿನವೇ ನಡೆದಾಡಿದೆ.

ಒಂಬತ್ತನೇ ದಿನ ಮೂತ್ರ ಹೊರಹೋಗಲು ಹಾಕಿದ್ದ ಕೊಳವೆ (ಕ್ಯಾತಿಟರ್) ತೆಗೆದರು. ಮಂಚದಿಂದ ಇಳಿದು ನಿಂತದ್ದೇ ತಡ, ಪಂಚೆ ನೆನೆದು ಪಾದದವರೆಗೂ ಇಳಿಯಿತು. ಮೂವತ್ತು ವರ್ಷ ಮಕ್ಕಳೆದುರು ನಿಂತು ಪಾಠ ಹೇಳಿದವನಿಗೆ ಆ ಗಳಿಗೆಯಲ್ಲಿ ಆದ ಸಂಕೋಚ ಹೇಳತೀರದು. ಮೊದಲ ತಿಂಗಳು ದಿನಕ್ಕೆ ನಾಲ್ಕು ಪ್ಯಾಡ್ ಬೇಕಾಗುತ್ತಿತ್ತು, ಮೂರು ತಿಂಗಳಿಗೆ ಒಂದಕ್ಕೆ ಇಳಿಯಿತು, ಈಗ ಜೋರಾಗಿ ಕೆಮ್ಮಿದರೆ ಒಂದೆರಡು ಹನಿ. ಮೂತ್ರ ಹಿಡಿದಿಡುವ ಸ್ನಾಯುಗಳನ್ನು ಬಲಪಡಿಸುವ ಕೀಗಲ್ ವ್ಯಾಯಾಮವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿತಿರಬೇಕು. ನನಗೆ ಆ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ, ಎಲ್ಲ ಮುಗಿದ ಮೇಲೆ ಒಂದು ಚೀಟಿ ಕೈಗಿಟ್ಟರು. ದಾಂಪತ್ಯದ ವಿಷಯದಲ್ಲಿ ಮೊದಲಿನಂತೆ ಆಗಲಿಲ್ಲ. ನಿಮ್ಮ ತಂದೆಯವರು ಮಗನೆದುರು ಅದನ್ನು ಕೇಳಲಾರರು, ಆದ್ದರಿಂದ ವೈದ್ಯರೊಡನೆ ಅವರನ್ನು ಸ್ವಲ್ಪ ಹೊತ್ತು ಒಬ್ಬರನ್ನೇ ಬಿಡಿ.

ಉತ್ತರ 3: ವಿಮಾ ಕಚೇರಿಯವಳು, ಹುಬ್ಬಳ್ಳಿ

ರೊಬೋಟಿಕ್ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಪೂರ್ತಿ ಹೊರಗಿಡುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಸೂಚಿಸಿದೆ. ಆದರೆ ಅದಕ್ಕೆ ಪಾಲಿಸಿಯಲ್ಲಿ ಪ್ರತ್ಯೇಕ ಮಿತಿ ಹಾಕಲು ಅವಕಾಶವಿದೆ. ಐದು ಲಕ್ಷದ ಪಾಲಿಸಿಯಿದೆಯೆಂದು ನಿಶ್ಚಿಂತರಾಗಿರಬೇಡಿ. ‘ಆಧುನಿಕ ಚಿಕಿತ್ಸೆಗಳು’ ಎಂಬ ಭಾಗವನ್ನು ಓದಿ, ಮಂಜೂರಾಗುವ ಮೊತ್ತವನ್ನು ದಾಖಲಾಗುವ ಮೊದಲೇ ಬರಹದಲ್ಲಿ ಪಡೆಯಿರಿ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಕಿತ್ತಳೆಯ ಉದಾಹರಣೆ ಹೇಳಿದ ಮೇಲೆ ಅಪ್ಪ ಲೇಸರ್‌ನ ಮಾತು ಬಿಟ್ಟರು. ಪಾಲಿಸಿ ತೆಗೆದು ನೋಡಿದೆವು. ರೊಬೋಟಿಕ್‌ಗೆ ವಿಮಾ ಮೊತ್ತದ ಅರ್ಧದಷ್ಟೇ ಮಿತಿಯಿದೆ. ಬರುವ ಸೋಮವಾರ ವಿಕಿರಣ ತಜ್ಞರನ್ನು ಕಾಣುತ್ತೇವೆ. ಮೇಷ್ಟ್ರೇ, ಆ ವ್ಯಾಯಾಮ ಕಲಿಸಲು ಫಿಸಿಯೋಥೆರಪಿಸ್ಟ್ ಸಾಕೇ, ಇಲ್ಲವೇ ಯುರಾಲಜಿ ವಿಭಾಗದವರನ್ನೇ ಕೇಳಬೇಕೇ?