ವಾರ್ಡ್ ಸಭೆಯ ಮನೆ ಪಟ್ಟಿ: ಯಾರಿಗೆ ಮೊದಲು, ಯಾವ ಕೆಲಸ ಮೊದಲು? ಅನುಭವ ಇದ್ದವರು ಹೇಳಿ

ಕೇಳಿದವರು, ಯಾದಗಿರಿ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಊರಿನ ಮಹಿಳಾ ಒಕ್ಕೂಟದಲ್ಲಿದ್ದೇನೆ. ಸದ್ಯದಲ್ಲೇ ವಾರ್ಡ್ ಸಭೆ ಇದೆ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಅಲ್ಲೇ ಆಗುತ್ತದೆ. ಬಂದಿರುವ ಮನೆಗಳು ಬೆರಳೆಣಿಕೆಯಷ್ಟು, ಕೇಳುವವರು ಊರು ತುಂಬಾ. ಪ್ರತಿ ಸಲ ಗಟ್ಟಿಯಾಗಿ ಮಾತಾಡುವವರ ಹೆಸರು ಮೇಲೆ ಬರುತ್ತದೆ. ಈ ಸಲ ಹಾಗಾಗಬಾರದು ಅಂತ ನಮ್ಮ ಹೆಣ್ಣುಮಕ್ಕಳೆಲ್ಲ ಗಟ್ಟಿ ಮನಸ್ಸು ಮಾಡಿದ್ದೇವೆ.

ಇನ್ನೊಂದು ವಿಷಯ. ಎಷ್ಟೋ ಮನೆಗೆ ಹೊಸ ಮನೆಯೇ ಬೇಕು ಅಂತಿಲ್ಲ, ರಿಪೇರಿ ಆದರೆ ಸಾಕು. ತಗಡಿನ ಮನೆಯಲ್ಲಿ ಏಪ್ರಿಲ್, ಮೇನಲ್ಲಿ ಕೂಸುಗಳನ್ನು ಮಲಗಿಸೋಕೆ ಆಗುವುದಿಲ್ಲ. ಸೆಕೆ ಕಮ್ಮಿ ಆಗಬೇಕು, ಕರೆಂಟೂ ಜಾಸ್ತಿ ಸುಡಬಾರದು. ಯಾವುದನ್ನು ಮೊದಲು ಹಿಡಿಯಬೇಕು?

ರಾಯಚೂರು ಜಿಲ್ಲೆ, ಹಿಂದೆ ಪಂಚಾಯಿತಿ ಸದಸ್ಯೆಯಾಗಿದ್ದೆ

ಅಕ್ಕಾ, ಸಭೆಗೆ ಮುಂಚೆ ಓಣಿ ಓಣಿ ಸುತ್ತಿ. ಅರ್ಜಿ ಕೈಯಲ್ಲಿ ಹಿಡಿದು ಸಭೆಯಲ್ಲಿ ಕೂತರೆ ಎಲ್ಲರೂ ಬಡವರಾಗಿಯೇ ಕಾಣುತ್ತಾರೆ. ಮನೆ ಒಳಗೆ ಹೋಗಿ ತಲೆ ಎತ್ತಿ ನೋಡಿದರೆ ಬೇರೆಯೇ ಚಿತ್ರ. ಒಬ್ಬ ಅಜ್ಜಿಯ ಮನೆ ನೆನಪಿದೆ. ಹೊರಗೋಡೆಗೆ ಸುಣ್ಣ, ಹೊಸ್ತಿಲಿಗೆ ಕೆಮ್ಮಣ್ಣು, ನೋಡಿದರೆ ಚೆಂದದ ಮನೆ. ಒಳಗೆ ಚಾವಣಿ ಹೊತ್ತ ಮರದ ಜಂತಿಗೆ ಗೆದ್ದಲು ಹಿಡಿದು ಬಾಗಿತ್ತು. ಬೀಳದ ಹಾಗೆ ಜಾಲಿ ಕಟ್ಟಿಗೆಯ ಆನಿಕೆ ಕೊಟ್ಟಿದ್ದರು. ಆ ಕಟ್ಟಿಗೆಯ ಪಕ್ಕದಲ್ಲೇ ಅಜ್ಜಿಯ ಹಾಸಿಗೆ. ಆಕೆ ಅರ್ಜಿಯನ್ನೇ ಹಾಕಿರಲಿಲ್ಲ. ನಿಮ್ಮ ಊರಲ್ಲೂ ಹೀಗೆ ಅರ್ಜಿ ಹಾಕದವರು ಇದ್ದೇ ಇರುತ್ತಾರೆ. ಅವರನ್ನು ಹುಡುಕುವುದೇ ಮೊದಲ ಕೆಲಸ ಅಂತ ನಾನು ಹೇಳುತ್ತೇನೆ.

ನಾವು ಮನೆಗಳನ್ನು ಸೂರು ನೋಡಿ ಬೇರೆ ಮಾಡಿದೆವು. ಮಳೆಗಾಲದಲ್ಲಿ ಬಿದ್ದು ಜೀವ ತೆಗೆಯಬಹುದಾದ ಮನೆಗಳು ಒಂದು ಕಡೆ. ಸೋರುವ, ಆದರೆ ಗೋಡೆ ಗಟ್ಟಿ ಇರುವ ಮನೆಗಳು ಇನ್ನೊಂದು ಕಡೆ. ಜಾಗವೇ ಇಲ್ಲದೆ ಯಾರದೋ ಹಿತ್ತಲಲ್ಲಿ ಇರುವವರು ಮತ್ತೊಂದು ಕಡೆ. ಮೂವರಿಗೂ ಬೇಕಾಗಿರುವುದು ಬೇರೆ ಬೇರೆ. ಮೊದಲನೆಯವರಿಗೆ ಹೊಸ ಮನೆ. ಎರಡನೆಯವರಿಗೆ ರಿಪೇರಿ. ಮೂರನೆಯವರಿಗೆ ಮೊದಲು ನಿವೇಶನ, ಹಕ್ಕುಪತ್ರ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗಲೇ ಜಗಳ ಶುರುವಾಗುವುದು.

ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲೂ ಇಂಥದ್ದೇ ಕ್ರಮ ಇದೆ. ಮನೆಯೇ ಇಲ್ಲದವರು ಮೊದಲು, ಆಮೇಲೆ ಕಚ್ಚಾ ಗೋಡೆ, ಕಚ್ಚಾ ಚಾವಣಿಯ ಒಂದು ಕೋಣೆ, ಎರಡು ಕೋಣೆಯವರು. ಸಭೆಯಲ್ಲಿ ಯಾರಾದರೂ ದನಿ ಏರಿಸಿದರೆ ಇದನ್ನು ಹೇಳಿ. ನಿಯಮದಲ್ಲೇ ಇದೆ ಅಂದ ಮೇಲೆ ಅರ್ಧ ಗದ್ದಲ ತಣ್ಣಗಾಗುತ್ತದೆ.

ಹಕ್ಕುಪತ್ರದ ಮಾತನ್ನು ಸುಮ್ನೆ ಬಿಡಬೇಡಿ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂ ಕಂದಾಯ ಕಾಯ್ದೆಯ 94ಸಿ ಕಲಂ ಇದೆ. ತಾಂಡಾ, ಹಟ್ಟಿಗಳಿಗೆ 94ಡಿ ಇದೆ. ಕಾಗದ ಇಲ್ಲದವರ ಹೆಸರು ಪಟ್ಟಿಗೆ ಬಂದರೂ ಕೆಲಸ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಮನೆ ಪಟ್ಟಿಯ ಜೊತೆಗೇ ಕಾಗದ ಇಲ್ಲದವರ ಪಟ್ಟಿಯೂ ಆಗಲಿ. ಅದನ್ನು ಸಭೆಯಲ್ಲೇ ಓದಿ ಹೇಳಿಸಿ, ತಹಶೀಲ್ದಾರ್ ಕಚೇರಿಗೆ ಕಳಿಸಿ.

ಕಡು ಬಡವರು ಸಿಕ್ಕಿಬೀಳುವ ಇನ್ನೊಂದು ಜಾಗ ಹಣದ ಕಂತು. ಬಸವ ವಸತಿ ಯೋಜನೆಯಲ್ಲಿ ತಳಪಾಯ, ಲಿಂಟಲ್, ಚಾವಣಿ, ಪೂರ್ಣ ಅಂತ ಹಂತ ಹಂತವಾಗಿ ಫೋಟೊ ತೆಗೆದ ಮೇಲೆ ದುಡ್ಡು ಬರುತ್ತದೆ. ಅಂದರೆ ತಳಪಾಯದ ಖರ್ಚು ಕೈಯಿಂದಲೇ. ಅದು ಇಲ್ಲದವರು ಕಟ್ಟುವುದೇ ಇಲ್ಲ, ಕೊನೆಗೆ ಮಂಜೂರಾತಿ ರದ್ದಾಗುತ್ತದೆ. ನಿಮ್ಮ ಒಕ್ಕೂಟದಿಂದ ತಳಪಾಯಕ್ಕೆ ಮಾತ್ರ ಕೈಸಾಲ ಕೊಡುವ ಏರ್ಪಾಡು ಮಾಡಿ, ಮೊದಲ ಕಂತು ಬಂದ ಕೂಡಲೇ ವಾಪಸ್ ತುಂಬಿಸಿಕೊಳ್ಳಿ. ನಮ್ಮಲ್ಲಿ ಒಂಟಿ ಹೆಣ್ಣುಮಕ್ಕಳ ಮನೆಗಳು ಎದ್ದು ನಿಂತಿದ್ದು ಈ ಸಾಲದಿಂದ.

ಧಾರವಾಡ, ಕಟ್ಟಡ ಕೆಲಸದ ಮೇಸ್ತ್ರಿ

ಸದಸ್ಯೆ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ರಿಪೇರಿಯ ಮಾತಿಗೆ ಬರುತ್ತೇನೆ.

ನಿಮ್ಮ ಕಡೆ ಮೇಲ್ಮುದ್ದೆ ಮನೆ, ಅಂದರೆ ಜಂತಿಯ ಮೇಲೆ ಮಣ್ಣು ಹೊದಿಸಿದ ಚಾವಣಿಯ ಮನೆ ಜಾಸ್ತಿ. ಈ ಮನೆ ಬೇಸಿಗೆಯಲ್ಲಿ ತಂಪು, ಅದನ್ನು ಕಳೆದುಕೊಳ್ಳಬೇಡಿ. ತೊಂದರೆ ಎಲ್ಲಿ ಅಂದರೆ, ಪ್ರತಿ ಮಳೆಗಾಲಕ್ಕೆ ಮುಂಚೆ ಸೋರಬಾರದು ಅಂತ ಮೇಲೆ ಇನ್ನಷ್ಟು ಸವಳು ಮಣ್ಣು ಹಾಕುತ್ತಾರೆ. ಹಳೇ ಮಣ್ಣು ತೆಗೆಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಭಾರ ಏರುತ್ತದೆ. ಜಡಿಮಳೆ ಹಿಡಿದರೆ ಆ ಮಣ್ಣೆಲ್ಲ ನೀರು ಕುಡಿಯುತ್ತದೆ, ಹಳೇ ಜಂತಿ ಲಟ್ ಅನ್ನುತ್ತದೆ. ಮಳೆಯಲ್ಲಿ ಮನೆ ಬಿತ್ತು ಅಂತ ಪೇಪರಿನಲ್ಲಿ ಬರುವ ಸುದ್ದಿಯಲ್ಲಿ ಎಷ್ಟೋ ಮನೆಗಳ ಕಥೆ ಇದೇ. ಅದಕ್ಕೆ ಮೊದಲು ಹಳೇ ಮಣ್ಣು ಇಳಿಸಿ. ಜಂತಿ, ತೊಲೆಗೆ ಮೊಳೆ ಚುಚ್ಚಿ ನೋಡಿ. ಮೊಳೆ ಸಲೀಸಾಗಿ ಒಳಗೆ ಹೋದರೆ ಆ ಜಂತಿ ಸತ್ತ ಹಾಗೆ, ಬದಲಾಯಿಸಲೇಬೇಕು. ಆಮೇಲೆ ತೆಳುವಾಗಿ ಮಣ್ಣು ಹಾಕಿ, ನೀರು ಒಂದೇ ಕಡೆ ಹರಿಯುವ ಹಾಗೆ ವಾಟ ಕೊಟ್ಟು, ದೋಣಿಯಿಂದ (ನೀರು ಹೊರಗೆ ಬೀಳಿಸುವ ಕೊಳವೆ) ಗೋಡೆಯಾಚೆ ಬೀಳಿಸಿ. ಗೋಡೆ ಬುಡಕ್ಕೆ ನೀರು ನಿಲ್ಲಬಾರದು.

ತಗಡಿನ ಮನೆಗೆ ಬಂದರೆ ಹೊರಗೆ ಬಿಳಿ, ಒಳಗೆ ಅಂತರ. ಹೊರಗೆ ಬಿಸಿಲು ತಡೆಯುವ ಬಿಳಿ ಪೇಂಟ್ ಬಳಿಯಿರಿ. ಒಳಗೆ ತಗಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಬಿದಿರಿನ ತಟ್ಟಿ ಕಟ್ಟಿ. ನಡುವೆ ಗಾಳಿ ಆಡಿದರೆ ಝಳ ನೇರ ತಲೆಗೆ ಬಡಿಯುವುದಿಲ್ಲ. ಒಲೆ ಇರುವ ಕಡೆ ತಟ್ಟಿ ಬೇಡ, ಬೆಂಕಿಯ ಭಯ. ಗೋಡೆಯ ಮೇಲ್ಭಾಗದಲ್ಲಿ ಎದುರುಬದುರು ಎರಡು ಬೆಳಕಿಂಡಿ ತೆಗೆಸಿ, ಬಿಸಿ ಗಾಳಿ ಮೇಲಿಂದಲೇ ಹೊರಗೆ ಹೋಗುತ್ತದೆ. ಇನ್ನು ಹಳೇ ಸಿಮೆಂಟ್ ಶೀಟು ಇದ್ದರೆ ಅದನ್ನು ಕೊಯ್ಯುವುದು, ಉಜ್ಜುವುದು ಮಾಡಬೇಡಿ. ಅದರಲ್ಲಿ ಕಲ್ನಾರು ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು.

ಆರ್‌ಸಿಸಿ ಮನೆ ಸಿಕ್ಕರೆ ಗೆದ್ದೆವು ಅಂತ ಜನ ಅಂದುಕೊಳ್ಳುತ್ತಾರೆ. ರಾತ್ರಿ ಊಟ ಆದ ಮೇಲೆ ಆ ಸ್ಲ್ಯಾಬ್ ಕೆಳಗೆ ಸ್ಟೂಲ್ ಹತ್ತಿ ಕೈ ಇಟ್ಟು ನೋಡಿ. ಇನ್ನೂ ಸುಡುತ್ತಿರುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಒಳಗೆ ಬಿಡುತ್ತದೆ. ಅದಕ್ಕೆ ಸ್ಲ್ಯಾಬ್ ಮೇಲೆ ಸುಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗದ ದಾರಿ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೋಟ್ ಹೊಡೆಯಿರಿ. ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು. ದುಡ್ಡು ಇದ್ದವರು ಬಿಳಿ ಟೈಲ್ಸಿನ ಚೂರು ಹಾಕಿಸಲಿ, ಅದು ಬಾಳಿಕೆ ಬರುತ್ತದೆ. ಆದರೆ ಸೋರುವ ಸ್ಲ್ಯಾಬ್ ಮೇಲೆ ಬಿಳಿ ಬಳಿದು ಏನೂ ಪ್ರಯೋಜನ ಇಲ್ಲ. ಮೊದಲು ಬಿರುಕು ಮುಚ್ಚಿಸಿ.

ಹೊಸ ಮನೆ ಕಟ್ಟುವವರಿಗೆ ಒಂದು ಮಾತು. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ತಳಪಾಯದಲ್ಲಿ ಕಂಜೂಸ್‌ತನ ಮಾಡಿದರೆ ಗೋಡೆ ಸೀಳುವುದು ಖಂಡಿತ. ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಒಳ್ಳೆಯದು, ಸುಡುವ ಖರ್ಚಿಲ್ಲ, ಕಟ್ಟಿಗೆ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಆದರೆ ಬರೀ ಎರೆ ಮಣ್ಣಿನಲ್ಲಿ ಈ ಇಟ್ಟಿಗೆ ಆಗುವುದಿಲ್ಲ. ಕೆಮ್ಮಣ್ಣು ದೂರದಿಂದ ತರಿಸಬೇಕಾದರೆ ನಿಮ್ಮ ಕಡೆ ಸಿಗುವ ಕಲ್ಲೇ ಮೇಲು.

ತುಮಕೂರು, ವೈರಿಂಗ್ ಕೆಲಸ ಮಾಡುತ್ತೇನೆ

ಕರೆಂಟಿನ ವಿಷಯ ನಾನು ಹೇಳುತ್ತೇನೆ. ತಗಡಿನ ಮನೆಯಲ್ಲಿ ಉಳಿತಾಯಕ್ಕಿಂತ ಮೊದಲು ಜೀವ. ಟೇಪ್ ಸುತ್ತಿದ ವೈರು ತಗಡಿಗೆ ತಾಗಿದರೆ ಇಡೀ ಮನೆಗೇ ಕರೆಂಟ್ ಹೊಡೆಯುತ್ತದೆ. ಅರ್ತಿಂಗ್ ಮತ್ತು ಕರೆಂಟ್ ಲೀಕ್ ಆದ ಕೂಡಲೇ ಬೀಳುವ ಸ್ವಿಚ್, ಇವೆರಡನ್ನೂ ರಿಪೇರಿ ಪಟ್ಟಿಯಲ್ಲಿ ಮೇಲೆ ಬರೆಯಿರಿ.

ಆಮೇಲೆ ಫ್ಯಾನ್. ಲೆಕ್ಕ ಸರಳ. ಹಳೇ ಫ್ಯಾನ್ ಸುಮಾರು 75 ವ್ಯಾಟ್. ದಿನಕ್ಕೆ 16 ಗಂಟೆ ತಿರುಗಿದರೆ 1.2 ಯೂನಿಟ್. ಎರಡು ಫ್ಯಾನಿಗೆ ತಿಂಗಳಿಗೆ 72 ಯೂನಿಟ್. ಕಮ್ಮಿ ಕರೆಂಟ್ ಎಳೆಯುವ ಹೊಸ ಥರದ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್, ಅದೇ ಎರಡು ಫ್ಯಾನಿಗೆ 29 ಯೂನಿಟ್.

ಗೃಹಜ್ಯೋತಿ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳುತ್ತಾರೆ. 200 ಯೂನಿಟ್ ಎಲ್ಲರಿಗೂ ಪೂರ್ತಿ ಫ್ರೀ ಅಲ್ಲ. 2022-23ರಲ್ಲಿ ಆ ಮನೆ ಬಳಸಿದ ಸರಾಸರಿಗೆ ಶೇ. 10 (ಸರಾಸರಿ 48 ಯೂನಿಟಿಗಿಂತ ಕಮ್ಮಿ ಇದ್ದವರಿಗೆ 2024ರಿಂದ 10 ಯೂನಿಟ್) ಸೇರಿಸಿ ಮಿತಿ ಹಾಕಿದ್ದಾರೆ. ಹಳೇ ಲೆಕ್ಕ ಇಲ್ಲದ ಹೊಸ ಮೀಟರಿಗೆ 58 ಯೂನಿಟ್. ಈಗ ನೋಡಿ, ಹೊಸ ಮನೆ ಸಿಕ್ಕ ಬಡವರ ಮನೆಯಲ್ಲಿ ಎರಡು ಹಳೇ ಫ್ಯಾನ್ ಇದ್ದರೆ ಬೇಸಿಗೆಯಲ್ಲಿ ಆ ಮಿತಿ ಫ್ಯಾನಿಗೇ ಮುಗಿಯಿತು. ಮೇಲಿನದ್ದಕ್ಕೆ ಬಿಲ್ ಬರುತ್ತದೆ. ಸೂರು ತಂಪು ಮಾಡಿ, ಫ್ಯಾನ್ ಬದಲಿಸಿದರೆ ಮಿತಿಯೊಳಗೇ ಇರಬಹುದು.

ಮನೆ ಮೇಲೆ ಸೋಲಾರ್ ಹಾಕಿಸೋಣ ಅಂತ ಯಾರಾದರೂ ಬಂದೇ ಬರುತ್ತಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಮತ್ತು ಮೇಲಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಯೋಜನೆ ಒಳ್ಳೆಯದೇ. ಆದರೆ ಉಳಿದ ಖರ್ಚು ಮನೆಯವರದು, ಪ್ಯಾನೆಲ್ ಹೊರಲು ಚಾವಣಿಯೂ ಗಟ್ಟಿ ಇರಬೇಕು. ಬಿಲ್ಲೇ ಬಾರದ ಬಡವರ ಮನೆಗೆ ಸಾಲ ಮಾಡಿಸಿ ಇದನ್ನು ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ಸೋಲಾರಿಗೆ ದುಡ್ಡು ಬಂದರೆ ಮೊದಲು ಅಂಗನವಾಡಿ, ಶಾಲೆ, ಪಂಚಾಯಿತಿ ಕಟ್ಟಡದ ಮೇಲೆ ಹಾಕಿಸಿ.

ಉಡುಪಿ ಕಡೆಯಿಂದ

ನಮ್ಮಲ್ಲಿ ಹಂಚಿನ ಮನೆ. ಒಂದೇ ಮಾತು ಹೇಳುತ್ತೇನೆ. ಹಂಚು ತೆಗೆದು ತಗಡು ಹಾಕಿಸುವವರನ್ನು ತಡೆಯಿರಿ. ಹಾಳಾಗಿರುವುದು ಹೆಚ್ಚಾಗಿ ಪಕ್ಕಾಸು, ರೀಪು, ಅಂದರೆ ಹಂಚು ಹೊರುವ ಮರದ ಪಟ್ಟಿಗಳು. ಹಂಚು ಚೆನ್ನಾಗಿಯೇ ಇರುತ್ತದೆ. ಮರ ಬದಲಿಸಿ ಅದೇ ಹಂಚು ತೊಳೆದು ಹೊದಿಸಬಹುದು. ಒಡೆದ ಹಂಚಿಗೆ ಬದಲು ಬೇಕಾದರೆ, ಹಳೇ ಮನೆ ಕೆಡವುವ ಕಡೆ ಕಡಿಮೆ ದರಕ್ಕೆ ಸಿಗುತ್ತದೆ.

ಬೆಂಗಳೂರು, ಬಡಾವಣೆಯ ಮಹಿಳಾ ಸಂಘ

ಬಾಡಿಗೆಯವರನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಕಡೆ ಶೀಟಿನ ಒಂದೇ ಕೋಣೆಯ ಮನೆಗಳಲ್ಲಿ ನಿಮ್ಮ ಜಿಲ್ಲೆಯಿಂದ ಗುಳೆ ಬಂದವರೇ ಜಾಸ್ತಿ. ಓನರ್ ರಿಪೇರಿ ಮಾಡಿಸಿದರೆ ಮರು ತಿಂಗಳೇ ಬಾಡಿಗೆ ಏರಿಸುತ್ತಾರೆ. ಬಾಡಿಗೆ ಏರಿಸುವುದಿಲ್ಲ ಅಂತ ಬರೆದುಕೊಟ್ಟ ಓನರ್‌ಗಳ ಮನೆಗೆ ಮಾತ್ರ ನಾವು ಸಂಘದಿಂದ ಬಿಳಿ ಪೇಂಟ್ ಕೊಡಿಸಿದೆವು. ನಿಮಗೆ ನನ್ನದೊಂದು ವಿನಂತಿ. ಗುಳೆ ಹೋದವರ ಮನೆಗೆ ಬೀಗ ಇದೆ ಅಂತ ಅವರ ಹೆಸರು ಬಿಡಬೇಡಿ. ಫೋನ್ ಮಾಡಿ ಕೇಳಿ. ಊರಲ್ಲಿ ಗಟ್ಟಿ ಸೂರು ಇದ್ದರೆ ವಾಪಸ್ ಬರುತ್ತೇವೆ ಅನ್ನುವ ತಾಯಂದಿರು ಇಲ್ಲಿ ತುಂಬಾ ಜನ ಇದ್ದಾರೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಬೀಗ ಹಾಕಿದ ಮನೆಗಳ ವಿಷಯ ನಮ್ಮ ತಲೆಗೆ ಬಂದೇ ಇರಲಿಲ್ಲ, ಇವತ್ತೇ ಫೋನ್ ನಂಬರ್ ಕೂಡಿಸಲು ಶುರು ಮಾಡುತ್ತೇವೆ. ಒಂದು ಅನುಮಾನ ಉಳಿದಿದೆ. ಹೊಸ ಮನೆಗೆ ಯೋಜನೆ ಇದೆ, ರಿಪೇರಿಗೆ ದುಡ್ಡು ಎಲ್ಲಿಂದ?

ರಾಯಚೂರು, ಹಿಂದಿನ ಸದಸ್ಯೆ

ಪಂಚಾಯಿತಿಯ ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ ಅಂತ ಒಂದು ಪಾಲು, ಅಂಗವಿಕಲರಿಗೆ ಅಂತ ಶೇ. 5 ಎತ್ತಿಡಬೇಕು. ಆ ದುಡ್ಡು ಎಷ್ಟಿದೆ, ಯಾವುದಕ್ಕೆ ಹೋಯಿತು ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಸಭೆಯಲ್ಲೇ ಕೇಳಿ. ಅಂಗವಿಕಲರು ಇರುವ ಮನೆಯ ಚಾವಣಿ, ಪರಿಶಿಷ್ಟರ ಓಣಿಯ ಮನೆ ರಿಪೇರಿ ಅಂತ ಹೆಸರು ಹಿಡಿದು ಬೇಡಿಕೆ ಇಡಿ. ಉಳಿದವರಿಗೆ ಒಕ್ಕೂಟದ ಸಾಲವೇ ದಾರಿ. ಹತ್ತು ಮನೆಯವರು ಸೇರಿ ಒಟ್ಟಿಗೆ ತಗಡು, ಪೇಂಟ್ ತರಿಸಿದರೆ ದರದಲ್ಲೂ ಸ್ವಲ್ಪ ಇಳಿಯುತ್ತದೆ.

ಮಳೆ, ನೆರೆಯಲ್ಲಿ ಮನೆ ಬಿದ್ದರೆ ಅದು ಬೇರೆ ಲೆಕ್ಕ, ಪರಿಹಾರಕ್ಕೆ ಕಂದಾಯ ಇಲಾಖೆಗೆ ಹೋಗಬೇಕು. ಗೋಡೆ ಕುಸಿದ ದಿನವೇ ಫೋಟೊ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ಮಣ್ಣು ಬಳಿದು ಸರಿ ಮಾಡಿದ ಮೇಲೆ ಕರೆದರೆ ಹಾನಿ ಕಮ್ಮಿ ಅಂತ ಬರೆದುಕೊಂಡು ಹೋಗುತ್ತಾರೆ.

ಸಭೆಯ ದಿನ ಇಷ್ಟು ಮಾಡಿ. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಕಾರಣ ಬರೆಸಿ. ಜಂತಿ ಮುರಿದಿದೆ, ಒಂಟಿ ಹೆಂಗಸು, ಜಾಗ ಇಲ್ಲ, ಹೀಗೆ ಒಂದೊಂದು ಸಾಲು. ನಡಾವಳಿ ಪುಸ್ತಕದಲ್ಲಿ ಅದು ಬರೆದಾಗುವ ತನಕ ಯಾರೂ ಸಹಿ ಹಾಕಬೇಡಿ. ಖಾಲಿ ಹಾಳೆಗೆ ಸಹಿ ಕೇಳಿದರೆ ಎಲ್ಲರೂ ಒಟ್ಟಿಗೆ ಬೇಡ ಅನ್ನಿ. ಬರೆದಾದ ಮೇಲೆ ಪುಟದ ಫೋಟೊ ತೆಗೆದುಕೊಳ್ಳಿ. ಗ್ರಾಮ ಸಭೆಗೆ ಹೋಗುವಾಗ ಆ ಫೋಟೊ ಜೊತೆಗಿರಲಿ. ವಾರ್ಡಿನಲ್ಲಿ ಇದ್ದ ಹೆಸರು ಅಲ್ಲಿ ಬಿಟ್ಟುಹೋಗಿದ್ದರೆ ಪುಟ ತೋರಿಸಿ ಅಲ್ಲೇ ಸೇರಿಸಬಹುದು.