9 ವರ್ಷದ ಮಗಳಿಗೆ ಅಡುಗೆ: ಕೋಸಂಬರಿಯಿಂದ ಶುರು ಮಾಡಲಾ?

ಪ್ರಶ್ನೆ: ಒಲೆ ಹಚ್ಚದೆ ಕಲಿಸೋಕೆ ಕೋಸಂಬರಿ ಸರಿ ಅನ್ನಿಸ್ತಿದೆ. ಚಾಕು ಕೈಗೆ ಕೊಡಬಹುದಾ? ಒಗ್ಗರಣೆ?

ಉತ್ತರ 1: ಸರಿಯಾದ ಆಯ್ಕೆ. ಅರ್ಧ ಕಪ್ ಹೆಸರುಬೇಳೆ ತೊಳೆದು 45 ನಿಮಿಷ ನೆನೆಸಲಿ. ಉಗುರಲ್ಲಿ ಒತ್ತಿದರೆ ಮುರಿಯಬೇಕು. ನೀರು ಪೂರ್ತಿ ಬಸಿದು ಒಂದು ಸೌತೆಕಾಯಿ, ಎರಡು ಚಮಚ ಕಾಯಿತುರಿ, ಅರ್ಧ ನಿಂಬೆಹಣ್ಣಿನ ರಸ. ಉಪ್ಪು ಬಡಿಸುವಾಗಲೇ, ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಬಟ್ಟಲೆಲ್ಲ ಕೆರೆ. ನಿಂಬೆಯ ವಿಟಮಿನ್ ಸಿ ಬೇಳೆಯ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತೆ, ಹಿಂಡುವಾಗಲೇ ಹೇಳಿಬಿಡಿ.

ಚಾಕು ಕೊಡಿ, ನೀವು ಪಕ್ಕದಲ್ಲಿರಿ. ಮೊಂಡು ಚಾಕುವೇ ಹೆಚ್ಚು ಅಪಾಯ: ಒತ್ತಬೇಕಾಗುತ್ತೆ, ಜಾರುತ್ತೆ. ಮಣೆಯಡಿ ಒದ್ದೆ ಬಟ್ಟೆ ಹಾಸಿ. ಸೌತೆಕಾಯಿಯನ್ನು ನೀವೇ ಉದ್ದಕ್ಕೆ ಸೀಳಿ, ಚಪ್ಪಟೆ ಭಾಗ ಕೆಳಗಿಟ್ಟು ಕೊಡಿ, ಉರುಳಲ್ಲ. ಹಿಡಿದ ಕೈಯ ಬೆರಳತುದಿ ಒಳಕ್ಕೆ ಮಡಚಿರಲಿ. ಈಳಿಗೆಮಣೆ ಈಗಲೇ ಬೇಡ.

ಉತ್ತರ 2: ಒಗ್ಗರಣೆ ಸದ್ಯಕ್ಕೆ ನೀವೇ ಹಾಕಿ, ಅವಳು ನೋಡಲಿ. ಸಿಡಿಯೋದು ಸಾಸಿವೆ ಮಾತ್ರ ಅಲ್ಲ; ಕರಿಬೇವಿನ ಮೇಲಿನ ನೀರ ಹನಿ ಬಿಸಿ ಎಣ್ಣೆಯಲ್ಲಿ ತಟ್ಟನೆ ಆವಿಯಾಗಿ ಎಣ್ಣೆಯನ್ನೇ ಎರಚುತ್ತೆ. ಎಲೆ ಒರೆಸಿ, ಉರಿ ಆರಿಸಿದ ಮೇಲೆ ಹಾಕಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಅವಳು ದೂರ ಸರಿದು ನಿಮ್ಮನ್ನು ಕೂಗಲಿ, ನೀವು ಒಲೆ ಆರಿಸಿ ಮುಚ್ಚಳ ಮುಚ್ಚಿ.

ಪ್ರಶ್ನೆ ಕೇಳಿದವರು: ಕೈ ಸುಟ್ಟರೆ ಟೂತ್‌ಪೇಸ್ಟ್ ಹಚ್ಚೋದು?

ಉತ್ತರ 2: ಬೇಡವೇ ಬೇಡ. ಬಳೆ, ಉಂಗುರ ತೆಗೆದು 20 ನಿಮಿಷ ನಲ್ಲಿಯ ತಣ್ಣೀರಡಿ ಹಿಡಿಯಿರಿ. ಐಸ್ ಕೂಡ ಬೇಡ, ಚರ್ಮಕ್ಕೆ ಇನ್ನಷ್ಟು ಪೆಟ್ಟು. ಬೊಬ್ಬೆ ಎದ್ದರೆ ಒಡೆಯದೆ ಡಾಕ್ಟರಿಗೆ ತೋರಿಸಿ.