ಜಾನ್ ಫೇಹಿ: ಓಪನ್ ಸಿ ಶ್ರುತಿಯಲ್ಲಿ ಆರನೇ ತಂತಿ ಜರ್ ಎನ್ನುತ್ತದೆ, ನುಡಿಕೆಯೂ ಜೀವವಿಲ್ಲದಂತಿದೆ

ಒಂಟಿತಂತಿ:
ಅಮೆರಿಕದ ಗಿಟಾರ್ ವಾದಕ ಫೇಹಿಯ ‘ಸನ್‌ಫ್ಲವರ್ ರಿವರ್ ಬ್ಲೂಸ್’ ಕಲಿಯಲು ಗಿಟಾರನ್ನು ಓಪನ್ ಸಿಗೆ (ಎಡಗೈಯಿಂದ ಒತ್ತದೆ ಮೀಟಿದರೂ ಸಿ ಮೇಜರ್ ಸ್ವರಮೇಳ ಬರುವ ಶ್ರುತಿ) ಶ್ರುತಿ ಮಾಡಿದ್ದೇನೆ. ತಂತಿ ಸೆಟ್ 12–53 (ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ). ಆರನೆಯದು, ಅಂದರೆ ಅತಿ ದಪ್ಪನೆಯ ಮಂದ್ರ ತಂತಿ, ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ಬಡಿಯುತ್ತದೆ. ಅದಕ್ಕಿಂತ ದೊಡ್ಡ ಚಿಂತೆ, ಸ್ವರಗಳೆಲ್ಲ ಸರಿಯಿದ್ದರೂ ಅಭ್ಯಾಸಪಾಠ ಕೇಳಿದಂತಿದೆ. ಎಲ್ಲಿ ತಪ್ಪುತ್ತಿದೆ?

ಮರದಪೆಟ್ಟಿಗೆ:
ಆರರಿಂದ ಒಂದಕ್ಕೆ ಸಿ-ಜಿ-ಸಿ-ಜಿ-ಸಿ-ಇ, ಅಂದರೆ ಸ-ಪ-ಸ-ಪ-ಸ-ಗ. ಮೂರು ಮತ್ತು ಒಂದನೇ ತಂತಿ ಇದ್ದ ಹಾಗೇ ಇರುತ್ತವೆ. ಐದು, ನಾಲ್ಕು ಎರಡೆರಡು ಸೆಮಿಟೋನ್ (ಅರ್ಧಸ್ವರ) ಇಳಿಯುತ್ತವೆ, ಎರಡನೆಯದು ಒಂದು ಸೆಮಿಟೋನ್ ಏರುತ್ತದೆ. ಆರನೆಯದು ನಾಲ್ಕು ಸೆಮಿಟೋನ್ ಇಳಿಯುವುದರಿಂದ ಅದರ ಬಿಗಿತ ಸುಮಾರು 63% ಮಾತ್ರ ಉಳಿಯುತ್ತದೆ. ಅಷ್ಟು ಸಡಿಲವಾದ 53ರ ತಂತಿಯನ್ನು ಜೋರಾಗಿ ಮೀಟಿದರೆ ಬಡಿಯುವುದಷ್ಟೇ ಅಲ್ಲ, ಮೀಟಿದ ಕ್ಷಣ ಶ್ರುತಿಯೂ ಮೇಲೆ ಜಿಗಿದು ಆಮೇಲೆ ಇಳಿಯುತ್ತದೆ. 58 ಅಥವಾ 60 ಗೇಜ್ ಹಾಕಿ. ನಟ್‌ನ (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಗೀರಿನಲ್ಲಿ ಅದು ಪೂರ್ತಿ ಕೂರದಿದ್ದರೆ ಗೀರನ್ನು ಅಗಲ ಮಾಡಿ, ಆಳ ಮಾಡಬೇಡಿ.

ಒಟ್ಟು ಬಿಗಿತ ಕಡಿಮೆಯಾದಾಗ ಕತ್ತೂ ಹಿಂದಕ್ಕೆ ನೆಟ್ಟಗಾಗುತ್ತದೆ. ಆರನೇ ತಂತಿಯನ್ನು 1 ಮತ್ತು 14ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು 7ನೆಯದರ ಮೇಲೆ ನೋಡಿ: ಸುಮಾರು 0.25 ಮಿ.ಮೀ. ಸಂದು ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಟ್ರಸ್ ರಾಡನ್ನು (ಕತ್ತಿನೊಳಗಿನ ಲೋಹದ ಸರಳನ್ನು) ಒಮ್ಮೆಗೆ ಕಾಲು ಸುತ್ತಿನಂತೆ ಸಡಿಲಿಸಿ.

ಹೆಬ್ಬೆರಳು:
ಜೀವವಿಲ್ಲ ಅನ್ನಿಸುವುದಕ್ಕೆ ಕಾರಣ ಬಹುತೇಕ ಬಲಗೈ ಹೆಬ್ಬೆರಳು. ಕೃತಿಯನ್ನು ಬದಿಗಿಟ್ಟು, ಮೆಟ್ರೋನೋಮ್ (ತಾಳದ ಯಂತ್ರ) ನಿಮಿಷಕ್ಕೆ 60 ಪೆಟ್ಟಿಗೆ ಹಾಕಿ, ಹೆಬ್ಬೆರಳೊಂದರಿಂದಲೇ 6-4-5-4ನೇ ತಂತಿಗಳನ್ನು ಮೀಟಿ. ನಾಲ್ಕು ಪೆಟ್ಟಿಗೂ ಒಂದೇ ತೂಕ ಕೊಟ್ಟರೆ ಪಾಠದಂತೆಯೇ ಕೇಳುತ್ತದೆ. 6 ಮತ್ತು 5 ಗಟ್ಟಿಯಾಗಿ, 4 ಹಗುರವಾಗಿ ಬರಲಿ. ಇದು ಐದು ನಿಮಿಷ ಅಲುಗದೆ ನಿಂತ ಮೇಲೆ ಒಂದನೇ ತಂತಿಯನ್ನು ಮೊದಲ ಪೆಟ್ಟಿನ ಜೊತೆಗೇ ಮೀಟಿ. ಆಮೇಲೆ ಅದೇ ಸ್ವರವನ್ನು ಎರಡು ಮತ್ತು ಮೂರನೇ ಪೆಟ್ಟಿನ ನಡುವೆ ಇಡಿ. ಹೆಚ್ಚಿನವರು ಎಡವುವುದು ಇಲ್ಲೇ: ಬೆರಳು ಮೀಟಿದೊಡನೆ ಹೆಬ್ಬೆರಳೂ ಅದರ ಹಿಂದೆ ಓಡುತ್ತದೆ. ಓಡಿದರೆ ಹಿಂದಿನ ಹಂತಕ್ಕೆ ಮರಳಿ. ಅಂಗೈಯಿಂದ ಮಂದ್ರ ತಂತಿಗಳನ್ನು ಅದುಮಿಡಬೇಡಿ. ತಂಬೂರಿಯಂತೆ ಅವು ಮೊಳಗುತ್ತಲೇ ಇರಬೇಕು.

ಹಳೆಮುದ್ರಿಕೆ:
ಇದನ್ನು ಬರೀ ಬ್ಲೂಸ್ (ಅಮೆರಿಕದ ಕಪ್ಪುಜನರ ಹಾಡಿನ ಪ್ರಕಾರ) ಎಂದುಕೊಂಡು ನುಡಿಸಿದರೂ ಸಪ್ಪೆಯಾಗುತ್ತದೆ. ಹಳೆಯ ಬ್ಲೂಸ್ ಗಾಯಕ ಚಾರ್ಲಿ ಪ್ಯಾಟನ್ ಬಗ್ಗೆ ಸ್ನಾತಕೋತ್ತರ ಪ್ರಬಂಧ ಬರೆದಷ್ಟು, 1963ರಲ್ಲಿ ಇನ್ನೊಬ್ಬ ಬ್ಲೂಸ್ ಗಾಯಕ ಬುಕ್ಕಾ ವೈಟ್‌ನನ್ನು ಹುಡುಕಿ ತೆಗೆದಷ್ಟು ಆಳಕ್ಕೆ ಫೇಹಿ ಬ್ಲೂಸಿಗೆ ಇಳಿದಿದ್ದ, ನಿಜ. ಆದರೆ ಆ ಹೆಬ್ಬೆರಳಿನ ಮೇಲೆ ಚರ್ಚ್ ಹಾಡಿನ ಧಾಟಿ, ಕಿವಿಗೆ ಚುಚ್ಚುವ ಅಪಸ್ವರ, ಎಲ್ಲವನ್ನೂ ತಂದು ಕೂರಿಸಿದ. ಹಾಡುಗಾರನಿಲ್ಲ, ಪಲ್ಲವಿ ಮರಳಿ ಬರುತ್ತದೆಂಬ ಭರವಸೆಯೂ ಇಲ್ಲ. ಮಂದ್ರ ಬದಲಾಗದೆ ನಿಂತಿರುವುದರಿಂದಲೇ ಮೇಲಿನ ಒಂದು ಒರಟು ಸ್ವರ ಅಷ್ಟು ನಾಟುತ್ತದೆ. 1959ರಲ್ಲಿ ತಾನೇ ಹಣ ಹಾಕಿ ಕೇವಲ 100 ಪ್ರತಿ ಅಚ್ಚು ಹಾಕಿಸಿದ ‘ಬ್ಲೈಂಡ್ ಜೋ ಡೆತ್’ ಆಲ್ಬಮ್‌ನ ಕೃತಿಗಳನ್ನು 1964ರಲ್ಲೂ 1967ರಲ್ಲೂ ಮತ್ತೆ ನುಡಿಸಿ ಮುದ್ರಿಸಿದ. ಆ ಎರಡು ಆವೃತ್ತಿಗಳಲ್ಲಿ ಒಂದೇ ಕೃತಿಯನ್ನು ಬೆನ್ನುಬೆನ್ನಿಗೆ ಕೇಳಿ, ವೇಗ ಎಲ್ಲಿ ಬದಲಾಗಿದೆ ಎಂದು ಗುರುತು ಹಾಕಿಕೊಳ್ಳಿ.

ಒಂಟಿತಂತಿ:
4ನೇ ತಂತಿಯನ್ನೂ ಗಟ್ಟಿಯಾಗಿಯೇ ಮೀಟುತ್ತಿದ್ದೆ, ಈಗ ಗೊತ್ತಾಯಿತು. ಬೆರಳಿಗೆ ಪಿಕ್ (ಮೀಟಲು ತೊಡುವ ಉಗುರಿನಂಥ ಸಾಧನ) ಬೇಕೇ?

ಹೆಬ್ಬೆರಳು:
ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್ ಈಗಲೇ ಹಾಕಿಕೊಳ್ಳಿ, ಮಂದ್ರಕ್ಕೆ ಆ ಖಚಿತತೆ ಬರಿ ಚರ್ಮದಿಂದ ಬರುವುದಿಲ್ಲ. ಉಳಿದ ಬೆರಳುಗಳ ಲೋಹದ ಪಿಕ್ ಒಂದು ತಿಂಗಳು ಕಾಯಲಿ. ಅದರ ಅಲಗು ಬೆರಳ ತುದಿಯ ಬಾಗಿಗೆ ಹೊಂದದಿದ್ದರೆ ಸುತ್ತುತಂತಿಯ ಮೇಲೆ ಕರಕರ ಸದ್ದು ಬರುತ್ತದೆ. ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ಬಾಗಿಸಿ.